ಗೊಬ್ಬೂರಿನ ಟೈರು ಸವೆದದ್ದು ಹೇಗೆ?

ಬೆಳಗಿನ ಐದೂವರೆ. ಗಾಣಗಾಪುರದ ಸಂಗಮದಲ್ಲಿ ಇನ್ನೂ ಮಬ್ಬುಗತ್ತಲೆ. ನದಿಗಿಳಿಯುವ ದಾರಿಯ ಪಕ್ಕದಲ್ಲಿರುವ ಸೈಕಲ್ ನಿಲ್ದಾಣದಲ್ಲಿ ಹದಿನಾರು ಕಂಬಗಳಿವೆ, ಅಂದರೆ ಹದಿನಾರು ಸೈಕಲ್ಲುಗಳಿಗೆ ಜಾಗ. ಈಗ ಅಲ್ಲಿ ನಲವತ್ತೊಂದು ಸೈಕಲ್ಲುಗಳಿವೆ. ಜಾಗ ಸಿಗದವು ಒಂದಕ್ಕೊಂದು ಸರಪಳಿ ಹಾಕಿಕೊಂಡು ಬೇಲಿಯವರೆಗೂ ಸಾಲು ಹಿಡಿದಿವೆ. ಅವುಗಳ ನಡುವೆ ಒಬ್ಬ ಹೆಂಗಸು ಸೀರೆಯನ್ನು ಎತ್ತಿ ಕಟ್ಟಿ, ಮೇಲೊಂದು ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ಒಂದೊಂದೇ ಸೈಕಲ್ಲನ್ನು ಎತ್ತಿ ಸಾಮಾನು ಸಾಗಿಸುವ ಮೂರು ಗಾಲಿಯ ಟಂಟಂಗೆ ಏರಿಸುತ್ತಿದ್ದಾರೆ. ಒಂದರ ಹ್ಯಾಂಡಲ್ ಎಡಕ್ಕೆ, ಮುಂದಿನದರ ಹ್ಯಾಂಡಲ್ ಬಲಕ್ಕೆ. ಹಾಗೆ ಮಾಡಿದರೆ ಆರು ಹಿಡಿಯುವ ಗಾಡಿಯಲ್ಲಿ ಒಂಬತ್ತು ಹಿಡಿಯುತ್ತವಂತೆ.

“ನಿನ್ನಿ ಗುರುವಾರ ಅಲ್ರಿ? ಗುಡಿ ಮುಂದ ಸೈಕಲ್ ತಗೋತಾರ, ಹುರುಪಿಲೆ ತುಳಕೊಂತ ಸಂಗಮಕ್ಕ ಬರ್ತಾರ, ಜಳಕಾ ಮಾಡ್ತಾರ. ಆಮ್ಯಾಲ ಒದ್ದಿ ಅರಿವಿ, ಹೊಟ್ಟಿ ಹಸಿವಿ. ಆಟೊ ಹತ್ತಿ ಹೊಂಟೇ ಬಿಡ್ತಾರ. ಸೈಕಲ್ ಎಲ್ಲಾ ಇಲ್ಲೇ!” ಎನ್ನುತ್ತಾರೆ ನಾಗರತ್ನಾ. ಮಾತಾಡುತ್ತಲೇ ಇನ್ನೊಂದು ಸೈಕಲ್ಲು ಗಾಡಿ ಏರಿರುತ್ತದೆ. ಸಹಾಯ ಮಾಡೋಣವೆಂದು ನಾನೂ ಒಂದಕ್ಕೆ ಕೈ ಹಚ್ಚುತ್ತೇನೆ. ಮೊಣಕಾಲಿನ ತನಕ ಎದ್ದ ಸೈಕಲ್ಲು ಅಲ್ಲಿಂದ ಮೇಲೆ ಬರಲು ಒಪ್ಪುವುದಿಲ್ಲ. “ಬಿಡ್ರಿ ಸರ, ಸೊಂಟ ಉಳುಕೀತು. ನೀವು ಬರಕೋರಿ” ಎಂದು ನನ್ನನ್ನು ನನ್ನ ಕೆಲಸಕ್ಕೆ ಹಚ್ಚುತ್ತಾರೆ.

ನಾಚಿಕೆ ಬಿಟ್ಟು ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಸಾರ್ವಜನಿಕ ಸೈಕಲ್ಲು ತಾನಾಗಿಯೇ ನಡೆಯುವ ವ್ಯವಸ್ಥೆ ಎಂದೇ ನಾನು ತಿಳಿದಿದ್ದೆ. ನೋಡಲು ಹಾಗೆಯೇ ಕಾಣುತ್ತದೆ. ಕಂಬದ ಮೇಲೆ ಕಾರ್ಡು ಮುಟ್ಟಿಸಿದರೆ ಅಥವಾ ಸೈಕಲ್ಲಿನ ಮೇಲಿರುವ ಕ್ಯೂಆರ್ ಕೋಡಿನ ಚೌಕುಳಿ ಚಿತ್ರವನ್ನು ಫೋನಿನಲ್ಲಿ ಹಿಡಿದರೆ ಟಕ್ ಎಂದು ಬೀಗ ತೆರೆಯುತ್ತದೆ. ತುಳಿದುಕೊಂಡು ಹೋಗಿ ಬೇರೆ ಯಾವುದೇ ನಿಲ್ದಾಣದ ಕಂಬಕ್ಕೆ ದೂಡಿದರೆ ಹಸಿರು ದೀಪ ಹತ್ತುತ್ತದೆ, ನಿಮ್ಮ ಜವಾಬ್ದಾರಿ ಮುಗಿಯಿತು. ವರ್ಷಕ್ಕೊಮ್ಮೆ ಕಾರ್ಡು ಮಾಡಿಸಿದರೆ ಎಷ್ಟು ಸಲವಾದರೂ ತೆಗೆಯಬಹುದು. ಅಫಜಲಪುರದ ಬಸ್ ನಿಲ್ದಾಣ, ಕಾಲೇಜು, ಚೌಡಾಪುರದ ಕ್ರಾಸು, ಗಾಣಗಾಪುರದ ಗುಡಿ, ಸಂಗಮ, ಗೊಬ್ಬೂರ, ಹೀಗೆ ಹನ್ನೊಂದು ನಿಲ್ದಾಣ, ನೂರಿಪ್ಪತ್ತು ಸೈಕಲ್ಲು.

ತೊಂದರೆ ಏನೆಂದರೆ ಮನುಷ್ಯರು ಎಲ್ಲರೂ ಒಂದೇ ಹೊತ್ತಿಗೆ ಒಂದೇ ಕಡೆಗೆ ಹೋಗುತ್ತಾರೆ. ಬೆಳಿಗ್ಗೆ ಊರಿನ ಸೈಕಲ್ಲೆಲ್ಲ ಬಸ್ ನಿಲ್ದಾಣದಲ್ಲಿ ಗುಡ್ಡೆ ಬೀಳುತ್ತವೆ, ಓಣಿಗಳ ಕಂಬಗಳು ಖಾಲಿ. ಖಾಲಿ ಕಂಬದ ಮುಂದೆ ನಿಂತವನಿಗೂ ಸಿಟ್ಟು, ತುಂಬಿದ ಕಂಬದ ಮುಂದೆ ಸೈಕಲ್ಲು ಹಿಡಿದು ನಿಂತವನಿಗೂ ಸಿಟ್ಟು. ಇಬ್ಬರ ಸಿಟ್ಟೂ ಬರುವ ಮೊದಲೇ ಯಾರಾದರೂ ಅಲ್ಲಿನದನ್ನು ಇಲ್ಲಿಗೆ, ಇಲ್ಲಿನದನ್ನು ಅಲ್ಲಿಗೆ ಹಾಕಬೇಕು. ಆ ಯಾರಾದರೂ ಎನ್ನುವವರು ನಲವತ್ತೊಂದು ವರ್ಷದ ನಾಗರತ್ನಾ.

ಅವರ ತವರು ಭೀಮಾ ದಂಡೆಯ ಮಣ್ಣೂರ. ಗಂಡ ಅಮೃತ ಅಫಜಲಪುರದ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದಾರೆ. ಈ ಕೆಲಸಕ್ಕೆ ಮೊದಲು ನಾಗರತ್ನಾ ಆರು ವರ್ಷ ಇದೇ ಟಂಟಂನಲ್ಲಿ ಮನೆಮನೆಗೆ ಕುಡಿಯುವ ನೀರಿನ ಕ್ಯಾನು ಹಾಕುತ್ತಿದ್ದರು. ಸೈಕಲ್ ನಡೆಸುವ ಸಂಸ್ಥೆಯವರು ಗಾಡಿ ಓಡಿಸಬಲ್ಲವರು ಬೇಕೆಂದಾಗ ಬಂದವರಲ್ಲಿ ಹೆಂಗಸು ಇವರೊಬ್ಬರೇ. “ಸಾಹೇಬ್ರು ನಕಾಶಿ ಬಿಚ್ಚಿ ಒಂದು ತಾಸು ತಿಳಿಸಿ ಹೇಳಿದ್ರು. ನಾ ಅಂದ್ಯಾ, ಸರ, ಇದು ನೀರಿನ ಕ್ಯಾನಿಂದೇ ಕೆಲಸ. ತುಂಬಿದ್ದು ಎಲ್ಲದ, ಖಾಲಿ ಎಲ್ಲದ, ಅಷ್ಟು ನೋಡಿದ್ರ ಮುಗೀತು.” ಆ ಒಂದು ಮಾತಿಗೇ ಕೆಲಸ ಸಿಕ್ಕಿತು ಎಂದು ನಗುತ್ತಾರೆ.

ಮುಗಿಯಿತು ಎನ್ನುವುದೇನೂ ಸುಲಭವಿಲ್ಲ. ಒಂದು ಸೈಕಲ್ಲಿನ ತೂಕ ಹದಿನೆಂಟು ಕಿಲೊ. ದಿನಕ್ಕೆ ಐವತ್ತೈದು ಸೈಕಲ್ಲು ಏರಿಸಬೇಕು, ಅಷ್ಟನ್ನೂ ಇಳಿಸಬೇಕು. ಹುಣ್ಣಿಮೆ ಬಂದರೆ ಲೆಕ್ಕ ದುಪ್ಪಟ್ಟು. ಬೇಸಿಗೆಯಲ್ಲಿ ಹತ್ತು ಗಂಟೆಗೇ ಹ್ಯಾಂಡಲ್ ಮುಟ್ಟಲಾಗದಷ್ಟು ಕಾಯುತ್ತದೆ, ಅಂಗೈಗೆ ಬಟ್ಟೆ ಸುತ್ತಿಕೊಳ್ಳುತ್ತಾರೆ. ಸಂಗಮ ಬಿಟ್ಟರೆ ಅಫಜಲಪುರದವರೆಗೆ ಹೆಂಗಸರಿಗೆ ಶೌಚಾಲಯವಿಲ್ಲ, ಹಾಗಾಗಿ ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ನೀರು ಮಾರಿಕೊಂಡಿದ್ದ ಹೆಂಗಸು ಬಾಯಾರಿಕೆ ತಡೆದುಕೊಂಡು ಗಾಡಿ ಓಡಿಸುವುದನ್ನು ನೋಡಿದರೆ ಸಂಕಟವಾಗುತ್ತದೆ. ಮೊದಮೊದಲು ಬಸ್ ನಿಲ್ದಾಣದಲ್ಲಿ ಗಂಡಸರು ಸುತ್ತ ನಿಂತು ನೋಡುತ್ತಿದ್ದರಂತೆ. “ನೋಡಿದ್ರೂ ಏನ್ ಎತ್ತಲಿಲ್ರಿ, ಬರೇ ನೋಡಿದ್ರು” ಎಂಬುದಷ್ಟೇ ಅವರ ದೂರು.

ವಿಚಿತ್ರವೆಂದರೆ ಅವರಿಗೆ ಸೈಕಲ್ ಹೊಡೆಯಲು ಬರುವುದಿಲ್ಲ. “ಸಣ್ಣಾಕಿದ್ದಾಗ ಕಲಿಲಿಲ್ಲ. ಈಗ ಕಲಿಯಾಕ ಪುರಸತ್ತಿಲ್ಲ” ಎನ್ನುತ್ತಾರೆ.

ಕಂಪ್ಯೂಟರಿಗೆ ಗೊತ್ತಾಗದ ಸಂಗತಿಗಳು ಅವರಿಗೆ ಗೊತ್ತಾಗುತ್ತವೆ. ಕಳೆದ ಆಯುಧ ಪೂಜೆಯ ಮರುದಿನ ಕಂಪ್ಯೂಟರಿನ ನಕಾಶೆಯಲ್ಲಿ ತೊಂಬತ್ತು ಸೈಕಲ್ಲು ಕೆಟ್ಟುಹೋಗಿವೆ ಎಂದು ಬಂತು. ಕಲಬುರಗಿಯ ಕಚೇರಿಯಲ್ಲಿ ಗಾಬರಿ. ನಾಗರತ್ನಾ ಹೋಗಿ ನೋಡಿದರೆ ಕೆಟ್ಟದ್ದೇನೂ ಇಲ್ಲ. ಜನ ಭಕ್ತಿಯಿಂದ ಸೈಕಲ್ಲು ತೊಳೆದು, ನಿಂಬೆಹಣ್ಣು ಕಟ್ಟಿ, ವಿಭೂತಿ ಬಳಿದು ಕುಂಕುಮ ಹಚ್ಚಿದ್ದರು. ಹಚ್ಚಲು ಅನುಕೂಲವಾದ ಸಪಾಟು ಜಾಗವೆಂದರೆ ಫೋನು ಹಿಡಿಯುವ ಆ ಚೌಕುಳಿ ಚಿತ್ರವೇ. ಒಂದು ಬಕೆಟ್ ನೀರು, ಒಂದು ಹಳೆಯ ಧೋತರ ಹಿಡಿದು ತೊಂಬತ್ತನ್ನೂ ಒರೆಸಿದರು. ಕೈ ಮುಗಿದೇ ಒರೆಸಿದೆ ಎಂದು ನೆನಪಿಸಿಕೊಳ್ಳುತ್ತಾರೆ.

ಆದರೆ ಅವರ ತಲೆಯನ್ನು ಆರು ತಿಂಗಳು ತಿಂದದ್ದು ಗೊಬ್ಬೂರ.

ಗೊಬ್ಬೂರಿನ ನಿಲ್ದಾಣದಲ್ಲಿ ಹನ್ನೆರಡು ಸೈಕಲ್ಲುಗಳಿವೆ. ಕಚೇರಿಯ ಲೆಕ್ಕದಲ್ಲಿ ಅದು ಎಲ್ಲಕ್ಕಿಂತ ಸೋಮಾರಿ ನಿಲ್ದಾಣ. ದಿನಕ್ಕೆ ಬೀಗ ತೆರೆಯುವುದು ಹನ್ನೊಂದೋ ಹನ್ನೆರಡೋ ಸಲ, ಅಷ್ಟೇ. ದಿನಕ್ಕೆ ಮೂವತ್ತು ಸಲವಾದರೂ ಬೀಗ ತೆರೆಯದ ನಿಲ್ದಾಣವನ್ನು ಕಿತ್ತು ಬೇಡಿಕೆ ಇರುವ ಕಡೆ ಹಾಕಬೇಕೆಂಬುದು ನಿಯಮ. ಹೋದ ತಿಂಗಳು ನೋಟಿಸು ಬಂತು: ಈ ತಿಂಗಳ ಕೊನೆಗೆ ಗೊಬ್ಬೂರಿನ ಕಂಬಗಳು ಗಾಣಗಾಪುರಕ್ಕೆ. ಕಿತ್ತು ಸಾಗಿಸಬೇಕಾದವರೂ ನಾಗರತ್ನಾ ಅವರೇ.

“ನನಗ ಒಂದು ಮಾತು ತಿಳೀಲಿಲ್ರಿ. ಬಸ್ ಸ್ಟ್ಯಾಂಡಿನ ಸೈಕಲ್ ದಿನಾ ಎಂಟು ಹತ್ತು ಮಂದಿ ಹೊಡೀತಾರ, ಅದರ ಟೈರ್ ನಾಕು ತಿಂಗಳಿಗೆ ಬೋಳ ಆಗತದ. ಗೊಬ್ಬೂರಿಂದು ದಿನಾ ಒಬ್ಬರು ಹೊಡೀತಾರ ಅಂತ ಕಂಪ್ಯೂಟರ್ ಹೇಳ್ತದ. ಅದರ ಟೈರೂ ನಾಕೇ ತಿಂಗಳಿಗೆ ಬೋಳ! ಕುಂತ ಸೈಕಲ್ ಹೆಂಗ ಸವೀತದ್ರಿ?” ಕಚೇರಿಗೆ ಫೋನು ಮಾಡಿ ಕೇಳಿದರು. ನಿಲ್ದಾಣಗಳ ಮೇಲ್ವಿಚಾರಣೆ ನೋಡುವ ತುಷಾರ ಎಂಬ ಯುವ ಎಂಜಿನಿಯರು, ಬ್ಯಾಟರಿ ಉಳಿಸಲು ಬೀಗ ತೆರೆದಾಗ ಮತ್ತು ಹಾಕಿದಾಗ ಮಾತ್ರ ಸೈಕಲ್ಲು ಸುದ್ದಿ ಕಳಿಸುತ್ತದೆ, ನಡುವೆ ಏನಾಯಿತೆಂದು ತನಗೂ ಕಾಣುವುದಿಲ್ಲ ಎಂದರು. ಬಹುಶಃ ಟೈರಿನ ಗುಣಮಟ್ಟ ಸರಿಯಿಲ್ಲ ಎಂದೂ ಸೇರಿಸಿದರು.

ಇನ್ನೊಂದು ಒಗಟೂ ಇತ್ತು. ಗಾಳಿ ನೋಡಲು ನಾಗರತ್ನಾ ನಸುಕಿನಲ್ಲಿ ಗೊಬ್ಬೂರಿಗೆ ಹೋದಾಗಲೆಲ್ಲ ಯಾವುದಾದರೊಂದು ಸೈಕಲ್ಲಿನ ಬುಟ್ಟಿಯಲ್ಲಿ ಏನಾದರೂ ಇರುತ್ತಿತ್ತು. ಯಾರೋ ಮರೆತಿದ್ದಾರೆಂದು ಅವರು ನಿಯಮದಂತೆ ಮರೆತ ವಸ್ತುಗಳ ರಿಜಿಸ್ಟರಿನಲ್ಲಿ ಬರೆದು ಕಚೇರಿಗೆ ಕಳಿಸುತ್ತಿದ್ದರು. ಆ ರಿಜಿಸ್ಟರನ್ನು ನಾನು ನೋಡಿದ್ದೇನೆ. ಅಫಜಲಪುರದ ಪುಟಗಳಲ್ಲಿ ಛತ್ರಿ, ಕನ್ನಡಕ, ಒಂದು ಹೆಲ್ಮೆಟ್. ಗೊಬ್ಬೂರಿನ ಪುಟಗಳಲ್ಲಿ: ಬದನೆಕಾಯಿ ನಾಲ್ಕು. ಹಸಿ ಕಡಲೆ ಗಿಡದ ಕಟ್ಟು, ಒಂದು ಸಿವುಡು. ಸಜ್ಜೆ ರೊಟ್ಟಿ ಎರಡು, ಶೇಂಗಾ ಹಿಂಡಿ (ಚಟ್ನಿಪುಡಿ) ಸಮೇತ. ಪ್ರತಿಯೊಂದರ ಮುಂದೆಯೂ ಕಚೇರಿಯ ಉತ್ತರ: ವಾರಸುದಾರರನ್ನು ಪತ್ತೆ ಹಚ್ಚಿ.

ವಾರಸುದಾರರನ್ನೂ ಟೈರಿನ ಗುಟ್ಟನ್ನೂ ಒಟ್ಟಿಗೇ ಪತ್ತೆ ಹಚ್ಚಲು ಒಂದು ಮಂಗಳವಾರ ನಾಗರತ್ನಾ ರಜೆ ಹಾಕುತ್ತಾರೆ. ಕುತೂಹಲ ತಡೆಯದೆ ನಾನೂ ಬೆನ್ನು ಹತ್ತುತ್ತೇನೆ. ನಿಲ್ದಾಣದ ಎದುರಿನ ಚಹಾದ ಗುಡಿಸಲಲ್ಲಿ ಬೆಳಗಿನ ಆರಕ್ಕೆ ಕೂತು, ನಲವತ್ತೇಳನೆಯ ನಂಬರಿನ ಸೈಕಲ್ಲೊಂದರ ಮೇಲೇ ಕಣ್ಣಿಡುವುದೆಂದು ನಮ್ಮ ಯೋಜನೆ.

ಆರೂ ಹತ್ತಕ್ಕೆ ದೇವೀಂದ್ರಪ್ಪ ಎಂಬ ರೈತ ಕಾರ್ಡು ಮುಟ್ಟಿಸಿ ಸೈಕಲ್ಲು ತೆಗೆದು, ಎರಡು ಹಾಲಿನ ಕ್ಯಾನು ತೂಗುಹಾಕಿಕೊಂಡು ಡೇರಿಗೆ ಹೋಗುತ್ತಾರೆ. ಏಳಕ್ಕೆ ವಾಪಸ್. ಕಂಬದ ಹತ್ತಿರ ಬರುತ್ತಾರೆ, ಕಂಬವನ್ನು ನೋಡುವುದೂ ಇಲ್ಲ. ಪಕ್ಕದ ಮನೆಯ ಕಟ್ಟೆಯ ಮೇಲೆ ಬ್ಯಾಗು ಹಿಡಿದು ಕಾಯುತ್ತಿದ್ದ ಆಶಾ ಕಾರ್ಯಕರ್ತೆ ಆಯೇಶಾ ಅವರ ಕೈಗೆ ಹ್ಯಾಂಡಲ್ ಕೊಡುತ್ತಾರೆ. ಆಯೇಶಾ ಹೊಲಮನೆಗಳ ಕಡೆ ಹೊರಟು ಹತ್ತೂವರೆಗೆ ಬಂದು, ಹೊಲಕ್ಕೆ ಬುತ್ತಿ ಒಯ್ಯುವ ಹೆಂಗಸಿನ ಕೈಗೆ ಕೊಡುತ್ತಾರೆ. ಆಕೆ ಬಂದು ಗಿರಣಿಗೆ ಜೋಳ ಒಯ್ಯುವವಳ ಕೈಗೆ. ಆಕೆ ಬಂದು ದರ್ಜಿಯ ಕೈಗೆ. ಸಂಜೆಯವರೆಗೆ ನಾನು ಸವಾರರಿಗೊಂದರಂತೆ ಒಂಬತ್ತು ಗೆರೆ ಎಳೆಯುತ್ತೇನೆ. ಹಸಿರು ದೀಪ ಒಮ್ಮೆಯೂ ಹತ್ತುವುದಿಲ್ಲ. ಕಲಬುರಗಿಯ ಕಂಪ್ಯೂಟರಿನ ಪ್ರಕಾರ ದೇವೀಂದ್ರಪ್ಪ ಇನ್ನೂ ಸೈಕಲ್ಲಿನ ಮೇಲೇ ಇದ್ದಾರೆ.

ಹೊತ್ತು ಮುಳುಗುವಾಗ ಹನ್ನೆರಡೂ ಸೈಕಲ್ಲುಗಳು ಅದೇ ಕಟ್ಟೆಗೆ ಬರುತ್ತವೆ. ಆ ಮನೆಯ ಸಕ್ಕುಬಾಯಿ, ಅರವತ್ತು ದಾಟಿದ ರೈತ ಹೆಣ್ಣುಮಗಳು, ಒಂದೊಂದನ್ನೂ ತಮ್ಮ ಕೈಯಲ್ಲಿ ಇಸಿದುಕೊಳ್ಳುತ್ತಾರೆ. ಎಲ್ಲ ಬಂದ ಮೇಲೆ ತಾವೇ ಒಂದೊಂದಾಗಿ ಕಂಬಕ್ಕೆ ದೂಡುತ್ತಾರೆ. ಅವರನ್ನು ಈ ಕೆಲಸಕ್ಕೆ ಯಾರೂ ನೇಮಿಸಿಲ್ಲ.

“ಅವ್ವಾ, ಹಗಲೆಲ್ಲ ಕಂಬಕ್ಕ ಯಾಕ ಹಚ್ಚಂಗಿಲ್ಲ ನೀವು?” ನಾಗರತ್ನಾ ಕೇಳಿಯೇಬಿಡುತ್ತಾರೆ.

ಸಕ್ಕುಬಾಯಿಗೆ ಪ್ರಶ್ನೆಯೇ ಸೋಜಿಗವಾಗುತ್ತದೆ. “ಒಬ್ಬರ ಮನಿಯಿಂದ ಬುಟ್ಟಿ ಇಸಗೊಂಡು ಬಂದಿರತಿ. ವಾಪಸ್ ಕೊಡುವಾಗ ಬಾಗಲದಾಗ ಒಗದು ಬರ್ತೀ ಏನಬೇ? ಕರದು, ಕೈಯಾಗ ಕೊಟ್ಟು, ತಗೋ ಅಂತ ಹೇಳಿ ಬರಬೇಕು. ಕಂಬಕ್ಕ ಏನಂತ ಹೇಳೂದು? ರಾತ್ರಿ ಯಾರೂ ಇರಂಗಿಲ್ಲ, ಅದಕ್ಕ ಕಟ್ಟಿ ಹಾಕತೇನಿ.”

“ಮತ್ತ ಬುಟ್ಟ್ಯಾಗ ಬದನಿಕಾಯಿ ಮರತು ಹೋಗ್ತೀರಲ್ಲ?”

“ಮರೆಯೂದು ಯಾರು? ಬುಟ್ಟಿ ಖಾಲಿ ಕೊಡಬಾರದು. ಹಗಲೆಲ್ಲ ಒಬ್ಬರಿಗೊಬ್ಬರು ಹಾಕಿ ಕೊಡತೇವಿ. ಕಡೀಕ ಕಂಬಕ್ಕ ಹಾಕುವಾಗ ನಾ ಏನರೇ ಇಡತೇನಿ. ಮುಂಜಾನಿ ಯಾರೋ ಬಂದು ಗಾಳಿ ಹೊಡದು, ಎಣ್ಣಿ ಬಿಟ್ಟು ಹೋಗ್ತಾರ, ನಾ ಏಳೂದರಾಗ ಹೋಗೇಬಿಟ್ಟಿರತಾರ. ಅವರ ಸಲುವಾಗಿ.” ಆಮೇಲೆ ಕೇಳುತ್ತಾರೆ: “ಅವರಿಗೆ ಮುಟ್ಯಾವಿಲ್ಲೋ ಏನೋ?”

ಆರು ತಿಂಗಳು ತಮಗೇ ಇಟ್ಟದ್ದನ್ನು ಮರೆತ ವಸ್ತುವೆಂದು ಬರೆದು, ಕಟ್ಟಿ, ಕಚೇರಿಗೆ ಮುಟ್ಟಿಸಿದವರು ನಾಗರತ್ನಾ ಅವರೇ. ಸೆರಗಿನಿಂದ ಮುಖ ಒರೆಸಿಕೊಂಡು, “ಮುಟ್ಯಾವ, ಮುಟ್ಯಾವ” ಎಂದು ಟಂಟಂ ಕಡೆ ನಡೆಯುತ್ತಾರೆ.

ತಿಂಗಳು ಮುಗಿಯಲು ಆರು ದಿನ ಉಳಿದಿವೆ. ಎಲ್ಲರಿಗೂ ಕಾರ್ಡು ಮಾಡಿಸಿ, ಪ್ರತಿಸಲ ಕಂಬಕ್ಕೆ ಹಚ್ಚಿ ತೆಗೆಯಲು ಕಲಿಸಬಹುದೆಂದು ನಾನು ಸಲಹೆ ಕೊಡುತ್ತೇನೆ. ನಾಗರತ್ನಾ ಆಗದೆಂದು ತಲೆಯಾಡಿಸುತ್ತಾರೆ. “ಈ ಊರಾಗ ಹನ್ನೆಲ್ಡು ಕಾರ್ಡ್ ಮಾಡಸಾಕೇ ಎಂಟು ತಿಂಗಳು ಹಿಡೀತ್ರಿ. ಆರು ದಿನದಾಗ ಏನ್ ಆಗತದ? ಮತ್ತ ಅವ್ರು ಮಾಡೂದು ತಪ್ಪಲ್ಲ. ತಪ್ಪು ಎಣಸೂದ್ರಾಗ ಅದ.” ಕಟ್ಟೆಯ ಮೇಲೆ ಆಯೇಶಾ ಆಡಿದ ಮಾತು ನಾಗರತ್ನಾ ಅವರ ಕಿವಿಯಲ್ಲಿದೆ. ಆಯೇಶಾ ಮೊದಲು ಮೂರು ದಿಕ್ಕಿನ ಹೊಲಮನೆಗಳ ಬಸುರಿ ಬಾಣಂತಿಯರನ್ನು ನೋಡಿಬರಲು ನಡೆದೇ ಹೋಗುತ್ತಿದ್ದರು, ಒಂದು ದಿಕ್ಕಿಗೆ ಒಂದು ದಿನ ಬೇಕಾಗುತ್ತಿತ್ತು. ಈಗ ಮೂರೂ ದಿಕ್ಕು ಒಂದೇ ಮುಂಜಾನೆಗೆ ಮುಗಿಯುತ್ತವೆ. “ಸೈಕಲ್ ಹೋತಂದ್ರ ನಾ ಮತ್ತ ಕಾಲ ಮ್ಯಾಲ ಅಕ್ಕಾ. ಹೆರಿಗಿ ಬ್ಯಾನಿ ನನಗ ಕಾಯಕೊಂತ ಕುಂದರತದೇನು?” ಎಂದಿದ್ದರು ಆಕೆ.

ಮರುದಿನ ನಾಗರತ್ನಾ ಗೊಬ್ಬೂರಿನಲ್ಲಿ ಬಿಚ್ಚಿದ ನಾಲ್ಕು ಬೋಳು ಟೈರು, ಅಫಜಲಪುರದ್ದೊಂದು ಬೋಳು ಟೈರು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿ ಕಲಬುರಗಿಗೆ ಹೋಗುತ್ತಾರೆ. ಕಂಡಕ್ಟರ್ ಸಾಮಾನಿಗೆ ಬೇರೆ ಟಿಕೆಟು ಎಂದು ಜಗಳ ತೆಗೆಯುತ್ತಾನೆ. ಐದನ್ನೂ ತುಷಾರ ಅವರ ಮೇಜಿನ ಮೇಲೆ ಇಟ್ಟು, “ಇದರಾಗ ಅಫಜಲಪುರದ್ದು ಯಾವುದು, ನೀವೇ ಆರಿಸ್ರಿ” ಎನ್ನುತ್ತಾರೆ. ತುಷಾರ ಮೂರು ಸಲ ತಿರುವಿ ನೋಡಿ ತಪ್ಪು ಟೈರನ್ನೇ ಆರಿಸುತ್ತಾರೆ. ಇಲ್ಲಿ ಆ ಹುಡುಗನ ಬಗ್ಗೆ ಒಂದು ಒಳ್ಳೆಯ ಮಾತು ಬರೆಯಲೇಬೇಕು. ಆತ ಕೋಪಿಸಿಕೊಳ್ಳಲಿಲ್ಲ, “ನಾನೇ ಬಂದು ನೋಡ್ತೀನಿ” ಎಂದರು.

ಶನಿವಾರ ಸಂಜೆ ಬಂದರು ಕೂಡ. ಕಟ್ಟೆಯ ಮೇಲೆ ಕೂತು ಕೈಯಿಂದ ಕೈಗೆ ಹೋಗುವ ಸೈಕಲ್ಲುಗಳನ್ನು ನೋಡುತ್ತಾರೆ, ಮೊಬೈಲಿನಲ್ಲಿ ಏನೇನೋ ಗುರುತು ಹಾಕಿಕೊಳ್ಳುತ್ತಾರೆ. ಕೊನೆಗೆ ತಾವೂ ಒಂದು ಸುತ್ತು ಹೋಗಿಬರುವುದಾಗಿ ಹೇಳುತ್ತಾರೆ. ಸಕ್ಕುಬಾಯಿ ನಲವತ್ತೇಳನ್ನು ಅವರ ಕೈಗಿತ್ತು, “ಹುಷಾರಪಾ, ಬ್ರೇಕ್ ಜರಾ ಬಿರುಸ ಅದ” ಎಂದು ಕಳಿಸುತ್ತಾರೆ. ಬುಟ್ಟಿಯಲ್ಲಿ ಒಂದು ಹಿಡಿ ಶೇಂಗಾ ಇರುತ್ತದೆ.

ತುಷಾರ ಚೌಡಾಪುರದ ದಾರಿ ಹಿಡಿದು ಹೋದವರು ಮುಕ್ಕಾಲು ತಾಸಿಗೆ ಬೆವರು ಸುರಿಸುತ್ತ ವಾಪಸಾಗುತ್ತಾರೆ. ಆ ಹೊತ್ತಿಗೆ ಸಕ್ಕುಬಾಯಿ ದೀಪ ಹಚ್ಚಲು ಒಳಗೆ ಹೋಗಿದ್ದಾರೆ. ಕಟ್ಟೆ ಖಾಲಿ. ನಾಗರತ್ನಾ ಮತ್ತು ನಾನು ಎದುರಿನ ಗುಡಿಸಲಲ್ಲಿ ಚಹಾ ಕುಡಿಯುತ್ತ ನೋಡುತ್ತಿದ್ದೇವೆ. ಕಂಬ ಎರಡು ಮೊಳದಲ್ಲಿದೆ. ಆ ಕಂಬವನ್ನು ಆರಿಸಿದವರು, ತರಿಸಿದವರು, ನೆಡಿಸಿದವರು ಎಲ್ಲ ಅವರೇ. ಒಮ್ಮೆ ದೂಡಿದರೆ ಹಸಿರು ದೀಪ. ತುಷಾರ ದೂಡುವುದಿಲ್ಲ. ಹ್ಯಾಂಡಲ್ ಹಿಡಿದು ನಿಂತೇ ಇದ್ದಾರೆ. ಎಡಕ್ಕೆ ನೋಡುತ್ತಾರೆ, ಬಲಕ್ಕೆ ನೋಡುತ್ತಾರೆ, ಕಂಬವನ್ನೊಮ್ಮೆ ನೋಡಿ ಮತ್ತೆ ಸಕ್ಕುಬಾಯಿಯ ಬಾಗಿಲ ಕಡೆ ನೋಡುತ್ತಾರೆ.

“ನೋಡ್ರಿ ಸರ, ಸಾಹೇಬ್ರಿಗೂ ಕೊಡಾಕ ಕೈ ಬೇಕಾತು” ಎಂದು ನಾಗರತ್ನಾ ಪಿಸುಗುಟ್ಟುತ್ತಾರೆ.

ಅಷ್ಟರಲ್ಲಿ ತುಷಾರ ನಮ್ಮನ್ನು ಕಾಣುತ್ತಾರೆ. ಸೈಕಲ್ಲು ದೂಡಿಕೊಂಡು ರಸ್ತೆ ದಾಟಿ ಬಂದು ನಾಗರತ್ನಾ ಅವರ ಮುಂದೆ ಹಿಡಿದು, “ತಗೊಳ್ರಿ” ಎನ್ನುತ್ತಾರೆ. ಎಂಟು ತಿಂಗಳಲ್ಲಿ ಸಾವಿರಾರು ಸಲ ಸೈಕಲ್ಲು ಎತ್ತಿದ ಹೆಂಗಸು ಈಗ ಮುಟ್ಟಲು ಹಿಂಜರಿಯುತ್ತಾರೆ. ಕೈಯನ್ನು ಅಂಗಿಗೆ ಒರೆಸಿಕೊಂಡು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಹತ್ತಿ ಹೋಗಲು ಬರುವುದಿಲ್ಲವಲ್ಲ, ನಡೆಸಿಕೊಂಡೇ ಕಟ್ಟೆಯವರೆಗೆ ಹೋಗಿ, ದೀಪ ಹಚ್ಚಿ ಹೊರಬಂದ ಸಕ್ಕುಬಾಯಿಯ ಕೈಗೆ ಕೊಡುತ್ತಾರೆ. ಕೊಡುವ ಮೊದಲು ಬುಟ್ಟಿಯಲ್ಲಿದ್ದುದನ್ನು ಎತ್ತಿಕೊಳ್ಳುತ್ತಾರೆ. ಶೇಂಗಾ ಇದ್ದ ಜಾಗದಲ್ಲಿ ತುಷಾರ ಚೌಡಾಪುರದಿಂದ ತಂದ ಅರ್ಧ ಡಜನ್ ಬಾಳೆಹಣ್ಣುಗಳಿದ್ದವು. ಎರಡನ್ನು ಮುರಿದು ಮತ್ತೆ ಬುಟ್ಟಿಗೆ ಹಾಕಿ, “ತಗೋರಿ ಅವ್ವಾ” ಎನ್ನುತ್ತಾರೆ. ಬುಟ್ಟಿಯದನ್ನು ತಮ್ಮ ಪಾಲೆಂದು ಎತ್ತಿಕೊಂಡ ಆ ಕೈ ನೋಡಿ, ಮುಂಜಾನೆ ಗಾಳಿ ಹೊಡೆಯುವವರು ಯಾರೆಂದು ಸಕ್ಕುಬಾಯಿಗೆ ಆಗ ಗೊತ್ತಾಯಿತು.

ಸೋಮವಾರ ಕಚೇರಿಯ ಆದೇಶ ಬಂದಿದೆ. ಗೊಬ್ಬೂರಿನ ನಿಲ್ದಾಣ ಅಲ್ಲೇ ಉಳಿಯುತ್ತದೆ. ಅಲ್ಲಿ ಬೀಗದ ಎಣಿಕೆ ಇಲ್ಲ, ಗಾಲಿಗೆ ಮೀಟರು ಹಚ್ಚಿ ಎಷ್ಟು ದೂರ ಓಡಿತೆಂದು ನೋಡುತ್ತಾರೆ. ಆಯೇಶಾ ಕಾಲ ಮೇಲೆ ಹೋಗಬೇಕಿಲ್ಲ.

ನಿಮಗೇನಾದರೂ ಆಸೆ ಇದೆಯೇ ಎಂದು ಹೊರಡುವಾಗ ನಾಗರತ್ನಾ ಅವರನ್ನು ಕೇಳುತ್ತೇನೆ. ದಾರಿಯಲ್ಲೊಂದು ಶೌಚಾಲಯ ಆಗಲಿ ಎನ್ನುತ್ತಾರೆ, ಸೈಕಲ್ ಹೊಡೆಯಲು ಆಯೇಶಾ ಕಲಿಸುತ್ತೇನೆ ಅಂದಿದ್ದಾಳೆ ಎನ್ನುತ್ತಾರೆ. ಆಮೇಲೆ ಮರೆತ ವಸ್ತುಗಳ ರಿಜಿಸ್ಟರು ತೆಗೆದು, ಶನಿವಾರದ ಖಾಲಿ ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಾರೆ.

“ಬಾಳಿಹಣ್ಣ ಬರೀಲಿಲ್ರಿ. ಯಾರವು ಅಂತ ಗೊತ್ತಿತ್ತು, ನನ್ನವು.”